ಗುಂಡು ಕಿತ್ತ ಬಲೆ

ಚೌಡಪ್ಪನಿಗೆ ಮೀನು ಹಿಡಿಯದಿರುವುದಕ್ಕೆ ಸಂಬಳವಿತ್ತು. ಹಿನ್ನೀರಿನ ನಡುಗಡ್ಡೆಯಲ್ಲಿ ಹಕ್ಕಿಗಳು ಮೊಟ್ಟೆಯಿಡುತ್ತವೆಂದು ಈ ದಂಡೆಯ ಬೆಸ್ತರ ಲೈಸೆನ್ಸ್ ನಿಂತಿತ್ತು. ದಂಡೆಯ ಮೇಲಿನ ರೆಸಾರ್ಟಿಗೆ ಯಾವುದೂ ನಿಂತಿರಲಿಲ್ಲ. ಅದರ ಮೋಟಾರ್ ಬೋಟು ದಿನವೂ ಗಡ್ಡೆಯನ್ನು ಸುತ್ತಿ ಬರುತ್ತಿತ್ತು. ಸಂಜೆ ಬಿಸಿಲು ಕೆಂಪಾದಾಗ ಚೌಡಪ್ಪ ತೆಪ್ಪದಲ್ಲಿ ನಿಂತು ಬಲೆ ಬೀಸಬೇಕು, ಅತಿಥಿಗಳು ಫೋಟೊ ತೆಗೆದುಕೊಳ್ಳಬೇಕು. ಮೀನು ಬಿದ್ದರೆ ಕೇಸಾಗುತ್ತದೆಂದು ಬಲೆಯ ಅಂಚಿನ ಸೀಸದ ಗುಂಡುಗಳನ್ನು ಮ್ಯಾನೇಜರ್ ವಿಶ್ವಾರಾಧ್ಯನೇ ನಿಂತು ಕೀಳಿಸಿದ್ದ. ಗುಂಡಿಲ್ಲದ ಬಲೆ ಮುಳುಗದೆ, ಜಾಲಿಸಲು ನೀರಿಗೆ ಬಿಟ್ಟ ಹಳೇ ಸೀರೆಯ ಹಾಗೆ ತೇಲುತ್ತಿತ್ತು.

"ಒಂದ್ ಸೀಸನ್ ಮಾಡು. ಫಿಶರೀಸ್ ಸಾಹೇಬ್ರ ಹತ್ರ ನಾನೇ ಮಾತಾಡಿ ನಿನ್ ಲೈಸೆನ್ಸ್ ಮಾಡಿಸ್ಕೊಡ್ತೀನಿ" ಎಂದಿದ್ದ. ಆ ಮಾತಿಗೇ ಚೌಡಪ್ಪ ಒಪ್ಪಿದ್ದು.

ಹೆಂಡತಿ ಓಬಮ್ಮ ಬಿಡುತ್ತಿರಲಿಲ್ಲ. "ಏನ್ ಬಿತ್ತು ಇವತ್ತು, ಗಾಳೀನಾ? ಸಾರ್ ಮಾಡ್ಲಾ?"

"ಸುಮ್ಕಿರೇ. ಲೈಸೆನ್ಸ್ ಬರ್ಲಿ."

ಒಂದು ಭಾನುವಾರ ದಂಡೆಯಿಂದ ಯಾರೋ, "ಅಂಕಲ್, ನಿಮಗೆ ನಿಜವಾಗ್ಲೂ ಮೀನ್ ಹಿಡಿಯೋಕ್ ಬರುತ್ತಾ?" ಎಂದು ಕೂಗಿ ನಕ್ಕರು. ಮರುದಿನ ಚೌಡಪ್ಪ ಗುಂಡು ಪೋಣಿಸಿಕೊಂಡು ಬಂದ. ಬಲೆ ದುಂಡಗೆ ಬಿಚ್ಚಿಕೊಂಡು ಬಿದ್ದು ಮುಳುಗಿತು. ಎಳೆದಾಗ ತೋಳುದ್ದದ ಕಾಟ್ಲಾ ಮೀನು ಒದ್ದಾಡುತ್ತಿತ್ತು. ದಂಡೆಯ ತುಂಬ ಶಿಳ್ಳೆ.

ವಿಶ್ವಾರಾಧ್ಯ ಪ್ಯಾಂಟಿನ ಸಮೇತ ನೀರಿಗಿಳಿದು ಬಂದ. ಅತಿಥಿಗಳತ್ತ ನಗುತ್ತಲೇ ಹಲ್ಲು ಕಚ್ಚಿದ. "ನೀರಿಗ್ ಬಿಡಲೇ ಅದನ್ನ. ಲೈಸೆನ್ಸ್ ಬೇಕೋ ಬೇಡ್ವೋ?"

ಚೌಡಪ್ಪ ಬಿಟ್ಟ. ಶಿಳ್ಳೆ ಹೊಡೆದವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು.

ವಾರದೊಳಗೆ ಗೇಟಿನ ಬಳಿ ಅವನ ಆಳೆತ್ತರದ ಫೋಟೊ ಎದ್ದಿತು. ಕೆಳಗೆ, 'ಅಂದು ಬೇಟೆಗಾರ, ಇಂದು ಕಾವಲುಗಾರ.'

ಚೌಡಪ್ಪ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ. "ಸಾ, ಸೀಸನ್ ಮುಗೀತಾ ಬಂತು. ನಮ್ ಲೈಸೆನ್ಸು?"

"ಏನಪ್ಪಾ ನೀನು! ಸಾಹೇಬ್ರೇ ಬಂದು ನಿನ್ ಬೋರ್ಡ್ ಮುಂದೆ ಫೋಟೊ ತೆಗೆಸ್ಕೊಂಡು ಹೋಗಿದಾರೆ. ಮೀನ್ ಹಿಡಿಯಲ್ಲ ಅಂದೋನಿಗೆ ಲೈಸೆನ್ಸ್ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ನಾನೆಲ್ಲಿ ಹಂಗಂದೆ ಸಾ?"

"ಬೋರ್ಡಲ್ಲಿದೆಯಲ್ಲ. ನಾಳೆಯಿಂದ ದಿನಾ ಇದೇ ಪ್ರೋಗ್ರಾಂ. ತರೀಕೆರೆಯಿಂದ ಜೀವಂತ ಮೀನು ತರಿಸ್ತೀನಿ."

ಮೀನು ಡ್ರಮ್ಮಿನಲ್ಲಿ, ಲಗೇಜ್ ಆಟೋದ ಮೇಲೆ ಕುಲುಕಾಡಿಕೊಂಡು ಬಂತು. ಸಂಜೆ ಚೌಡಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ ನೀರಿಗೆ ಬಿಟ್ಟ. ಚಪ್ಪಾಳೆ ಮುಗಿಯುವ ಮೊದಲೇ ಅದು ಬಿಳಿ ಹೊಟ್ಟೆ ಮೇಲಾಗಿ ತೇಲಿತು.

"ಮುಚ್ಚೋ, ಬೇಗ" ಎಂದು ವಿಶ್ವಾರಾಧ್ಯ ಪಿಸುಗುಟ್ಟಿದ.

ಚೌಡಪ್ಪ ಹುಟ್ಟಿನ ತುದಿಯಿಂದ ಮೀನನ್ನು ತೆಪ್ಪದಡಿಗೆ ಒತ್ತಿದ. ಅತಿಥಿಗಳೆಲ್ಲ ಹಕ್ಕಿ ನೋಡಲು ಬೋಟು ಹತ್ತಿ ಹೋಗುವವರೆಗೂ ಹಾಗೇ ಒತ್ತಿ ಹಿಡಿದಿದ್ದ.