ಆಸ್ಲೌಗಳ ಬಕೆಟ್ಟುಗಳು

ಚರ್ಚಿನ ಮೆಟ್ಟಿಲಿಳಿಯುವಾಗ ಶವಪೆಟ್ಟಿಗೆ ತುಸು ಎಡಕ್ಕೆ ವಾಲಿತು. "ನಿಧಾನ, ನಿಧಾನ, ಮೆಟ್ಟಿಲ ಮೇಲೆ ಐಸು," ಎಂದು ಹಿಂದಿನಿಂದ ಯಾರೋ ಗದರಿದರು. ಹೊತ್ತ ಆರು ಜನರಲ್ಲಿ ಮುಂದಿನ ಬಲಗಡೆಯ ಹಿಡಿ ಓಡ್ಮುಂಡನ ಕೈಯಲ್ಲಿತ್ತು. ಜೀವಮಾನವಿಡೀ ಕಾಡ್ ಮೀನಿನ ಬಲೆ ಎಳೆದ ಕೈ ಅದು. ಹೆಂಡತಿ ಆಸ್ಲೌಗ್ ಇಷ್ಟು ಹಗುರವಾಗಿಬಿಟ್ಟಿದ್ದಾಳಲ್ಲ ಎಂದು ಆ ಕೈಗೇ ಸಂಕಟವಾಗುತ್ತಿತ್ತು.

ಅವನ ತಂಗಿ ಗುನ್‌ವೋರ್ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದಳು.

"ಅಣ್ಣಾ, ಕೇಕಿನ ಚಿಂತೆ ಬಿಟ್ಬಿಡು. ಊರೋರು ತಂದ ಕೆನೆ ಕೇಕೆಲ್ಲ ನಿಮ್ಮ ನೆಲಮಾಳಿಗೇಲಿ ಜೋಡಿಸಿಟ್ಟಿದೀನಿ. ಅಲ್ಲಿ ತಂಪಾಗಿರುತ್ತೆ."

"ಅಲ್ಲಿ ಜಾಗ ಎಲ್ಲಿತ್ತೇ?"

"ಮಾಡ್ಕೊಂಡೆ. ಆ ಬಕೆಟ್ಟುಗಳನ್ನೆಲ್ಲ ಬೆಳಿಗ್ಗೇನೇ ಬಟ್ಟೆ ಒಣಗಿಸೋ ಕೋಣೆಗೆ ಸಾಗಿಸ್ದೆ. ನೆಲಾನೂ ಒರೆಸಿದೀನಿ."

ಓಡ್ಮುಂಡ್ ನಿಂತುಬಿಟ್ಟ. ಹಿಂದಿನವನ ಬೂಟು ಅವನ ಹಿಮ್ಮಡಿಗೆ ತಾಗಿತು. ಬಟ್ಟೆ ಒಣಗಿಸುವ ಕೋಣೆಗೆ ಬೆಳಿಗ್ಗೆ ಅವನೇ ಹೀಟರ್ ಹಾಕಿದ್ದ, ಕರಿ ಕೋಟು ಬೆಚ್ಚಗಿರಲಿ ಎಂದು. ಆಮೇಲೆ ಅದನ್ನು ಆರಿಸಿದ ನೆನಪೇ ಇಲ್ಲ.

"ನಡಿ ಅಣ್ಣಾ, ಎಲ್ಲಾ ನೋಡ್ತಿದಾರೆ," ಎಂದಳು ಗುನ್‌ವೋರ್.

ಹೆಂಡತಿಯ ಶವಪೆಟ್ಟಿಗೆಯನ್ನು ಅರ್ಧ ದಾರಿಯಲ್ಲಿ ಬಿಟ್ಟು ಓಡುವ ಗಂಡನನ್ನು ಸ್ಕಾರ್ವೊಯ ದ್ವೀಪ ಇದುವರೆಗೆ ಕಂಡಿರಲಿಲ್ಲ. ಓಡ್ಮುಂಡ್ ನಡೆದ.

*

ಅವರ ಮದುವೆಯ ಊಟದಲ್ಲೂ ಹೀಗೇ ಒಂದು ಪೇಚಾಟವಾಗಿತ್ತು. ಭಾಷಣದ ಮೇಲೆ ಭಾಷಣ ನಡೆಯುತ್ತಿರುವಾಗ ಮದುವಣಗಿತ್ತಿ ಮಾಯ. ಮಾವ ಕೆಂಪಗಾದ, ಅತ್ತೆ ಬೆಳ್ಳಗಾದಳು. ಓಡ್ಮುಂಡ್ ನೇರವಾಗಿ ಬಂದರಿನ ಅಂಚಿನಲ್ಲಿದ್ದ ಕಡಲ ಸಂಶೋಧನಾ ಕೇಂದ್ರಕ್ಕೆ ಹೋದ. ಆಸ್ಲೌಗ್ ಅಲ್ಲಿ ಕೆಲಸಕ್ಕಿದ್ದಳು. ಬಿಳಿ ಲಂಗದ ಅಂಚನ್ನು ರಬ್ಬರ್ ಬೂಟಿನೊಳಕ್ಕೆ ತುರುಕಿಕೊಂಡು, ತಣ್ಣನೆ ಕೋಣೆಯಲ್ಲಿ ಗಾಜಿನ ಲೋಟಗಳ ಮುಂದೆ ಮಂಡಿಯೂರಿ ಕೂತಿದ್ದಳು.

"ಇವತ್ತೊಂದಿನ ಬಿಡಬಾರದಿತ್ತಾ?"

"ಇವತ್ತು ನಮ್ಮ ಮದುವೆ ಅಂತ ಇವಕ್ಕೇನು ಗೊತ್ತು? ಮೊಟ್ಟೆ ಇಡ್ತಾ ಇವೆ. ಈಗ ಬೇರೆ ಮಾಡದಿದ್ರೆ ತಾವೇ ತಿಂದ್ಹಾಕ್ತವೆ."

"ಹೆತ್ತೋಳೇ ತಿನ್ನೋದಾ?"

"ಹಸಿವು ಮಾರಾಯ, ಕೆಟ್ಟತನ ಅಲ್ಲ. ನಡುವೆ ಒಂದು ಜರಡಿಬಟ್ಟೆ ಇದ್ರೆ ಸಾಕು. ಮೊಟ್ಟೆ ಕೆಳಗೆ ಇಳಿಯುತ್ತೆ, ಅಮ್ಮ ಮೇಲೆ ಉಳೀತಾಳೆ. ನೋಡು ಬಾ."

ಅವನು ಬಗ್ಗಿ ನೋಡಿದ. ಲೋಟದಲ್ಲಿದ್ದದ್ದು ಕೆಂಪುಹುಳ, ಕಡಲಲ್ಲಿ ತೇಲುವ ಸೀಗಡಿ ಬಳಗದ ಪುಟ್ಟ ಜೀವಿ. ಅವನಿಗೆ ಅದು ಹೊಸದೇನಲ್ಲ. ಬೇಸಿಗೆಯಲ್ಲಿ ಕಡಲ ಮೇಲೆ ಕೆಂಪು ಪಟ್ಟೆ ಕಂಡರೆ ಹೆರಿಂಗ್ ಮೀನು ಹತ್ತಿರದಲ್ಲೇ ಇದೆ ಎಂದು ಪ್ರತಿಯೊಬ್ಬ ಮೀನುಗಾರನಿಗೂ ಗೊತ್ತು. ಆದರೆ ಒಂಟಿಯಾಗಿ ಒಂದನ್ನು ನೋಡಿದ್ದು ಅದೇ ಮೊದಲು. ಅಕ್ಕಿಕಾಳಿಗಿಂತ ಚಿಕ್ಕ, ಗಾಜಿನಂಥ ಮೈ. ಮೈಗಿಂತ ಉದ್ದದ ಮೀಸೆ. ಒಳಗೆ ಒಂದು ಎಣ್ಣೆಯ ಚೀಲ.

"ಚಳಿಗಾಲವಿಡೀ ಕಡಲ ತಳದ ಕತ್ತಲಲ್ಲಿ ಏನೂ ತಿನ್ನದೆ, ಆ ಎಣ್ಣೆ ಮೇಲೇ ಬದುಕಿರ್ತವೆ," ಎಂದಳು ಆಸ್ಲೌಗ್. "ಮೇಲೆ ಹಸಿರು ಪಾಚಿ ಚಿಗುರೋ ಹೊತ್ತಿಗೆ ಸರಿಯಾಗಿ ಎದ್ದು ಬರ್ತವೆ. ಬಂದು ಮೊಟ್ಟೆ ಇಡ್ತವೆ. ನಿನ್ನ ಕಾಡ್ ಮೀನಿನ ಮರಿ ಬಾಯಿಗಿಡೋ ಮೊದಲ ತುತ್ತು ಇವುಗಳ ಮರೀನೇ ಕಣೋ."

"ಅಂದ್ರೆ ನಾನು ಮೀನು ಹಿಡಿಯೋನು, ನೀನು ಮೀನಿಗೆ ಅಡುಗೆಯೋಳು."

"ಅಡುಗೆಯೋಳು ಇಲ್ದಿದ್ರೆ ನಿನ್ನ ದೋಣಿ ಖಾಲಿ, ನೆನಪಿಟ್ಕೋ," ಎಂದು ಅವಳು ಒದ್ದೆ ಕೈಯಿಂದ ಅವನ ಹೊಸ ಕೋಟಿನ ಕಾಲರು ಹಿಡಿದು ಎಳೆದಿದ್ದಳು. ಆ ಕಲೆ ಹೋಗಲೇ ಇಲ್ಲ. ಇವತ್ತು ಅವನು ತೊಟ್ಟಿದ್ದೂ ಅದೇ ಕೋಟು.

ಮುಂದೆ ಕೇಂದ್ರ ಮುಚ್ಚಿತು. ಹುಳಗಳನ್ನು ಕಡಲಿಗೆ ಚೆಲ್ಲಿಬಿಡಿ ಎಂದು ಮೇಲಿನವರು ಅಪ್ಪಣೆ ಮಾಡಿದರು. ಆಸ್ಲೌಗ್ ಕೇಳಲಿಲ್ಲ. ತಾಯಿ, ಮಗಳು, ಮೊಮ್ಮಗಳು ಎಂದು ಒಮ್ಮೆಯೂ ಕಡಿಯದೆ ಬಂದ ಸಂತಾನವದು. ಅಷ್ಟು ತಲೆಮಾರುಗಳನ್ನು ಅವಳು ತನ್ನ ಕೈಯಲ್ಲೇ ಬೆಳೆಸಿದ್ದಳು. ಬಕೆಟ್ಟುಗಳಲ್ಲಿ ಮನೆಗೆ ತಂದು ಆಲೂಗಡ್ಡೆಯ ನೆಲಮಾಳಿಗೆಗೆ ತಂಪುಯಂತ್ರ ಕೂಡಿಸಿದಳು. ಆಲೂಗಡ್ಡೆ ಮಂಚದ ಕೆಳಗೆ ಬಂತು. ಹಬ್ಬವಿರಲಿ, ಜ್ವರವಿರಲಿ, ಅವಕ್ಕೆ ಪಾಚಿನೀರು ಹಾಕದೆ ಅವಳು ಕಾಫಿ ಕುಡಿದದ್ದಿಲ್ಲ. ಇಂಥ ಹೆಂಗಸಿನ ಜೊತೆ ಬಾಳಿದ್ದು ಓಡ್ಮುಂಡನಿಗೆ ಒಳಗೊಳಗೇ ದೊಡ್ಡ ಹೆಮ್ಮೆ. ಬಾಯಿಬಿಟ್ಟು ಹೇಳಿದ್ದು ಮಾತ್ರ ಕಡಿಮೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಕೇಳಿದ್ದು ಒಂದೇ. "ಪಟ್ಟಣದ ಪ್ರಯೋಗಶಾಲೆಯ ಮಾರೆನ್ ಬಂದು ಹುಳಗಳನ್ನ ಒಯ್ತಾಳೆ. ಅಲ್ಲೀವರೆಗೆ ಬದುಕಿಸಿಡು."

"ಇಡ್ತೀನಿ."

"ಮರೀತೀಯ."

"ಇಡ್ತೀನಿ ಅಂದ್ನಲ್ಲ."

ಆ ಮಾರೆನ್ ಇವತ್ತು ಮಣ್ಣಿಗೆ ಬಂದಿದ್ದಳು. ಸಂಜೆಯ ಹಡಗಿಗೆ ಬಕೆಟ್ಟುಗಳೊಂದಿಗೆ ಹೊರಡುವವಳಿದ್ದಳು.

*

ಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿ ಮೂರು ಸಲ ಮಣ್ಣು ಹಾಕಿದರು. ಹಾಡು ಶುರುವಾಯಿತು. ಓಡ್ಮುಂಡನ ಕಣ್ಣು ಬೇಲಿಯಾಚೆ ತನ್ನ ಮನೆಯಲ್ಲಿ ಬಟ್ಟೆ ಒಣಗಿಸುವ ಕೋಣೆಯ ಕಿಟಕಿಯ ಮೇಲಿತ್ತು. ಕಿಟಕಿಯ ಗಾಜಿಗೆ ಒಳಗಿನ ಬಿಸಿಗೆ ಆವಿ ಕಟ್ಟಿತ್ತು. ಹಾಡು ಮುಗಿದ ಮೇಲೆ ಗುಂಡಿಯ ಪಕ್ಕ ನಿಂತು ಒಬ್ಬೊಬ್ಬರ ಕೈಯನ್ನೂ ಕುಲುಕಬೇಕು. ಅದು ವಾಡಿಕೆ. ಇಡೀ ದ್ವೀಪವೇ ಬಂದಿತ್ತು.

"ಪಾದ್ರಿಗಳೇ," ಎಂದ, ಹಾಡಿನ ನಡುವೆಯೇ. "ನಾನು ಮನೆಗೆ ಹೋಗ್ಬೇಕು."

ಹಾಡು ನಿಂತಿತು. ಗುನ್‌ವೋರ್ ತೋಳು ಜಗ್ಗಿದಳು. "ಅಣ್ಣಾ! ಮಾನ ಕಳೀಬೇಡ."

"ಆಸ್ಲೌಗಳ ಹುಳ ಬಿಸಿ ಕೋಣೇಲಿವೆ. ಸಾಯ್ತವೆ."

ಗುನ್‌ವೋರಳ ಮುಖ ಸುಣ್ಣವಾಯಿತು. "ಅಯ್ಯೋ, ಅವು ಇನ್ನೂ ಇದ್ವಾ? ಈಗ ಬರೀ ನೀರು ಉಳಿದಿದೆ ಅಂದ್ಕೊಂಡ್ನಲ್ಲೋ."

ಮುದಿ ಪಾದ್ರಿ ಪುಸ್ತಕ ಮುಚ್ಚಿದರು. ಓಡ್ಮುಂಡನ ಮದುವೆ ಮಾಡಿಸಿದವರೂ ಅವರೇ. "ಅವಳೇ ಇದ್ದಿದ್ರೆ ಇಷ್ಟೊತ್ತಿಗೆ ಮನೆ ತಲುಪಿರ್ತಿದ್ಲು," ಎಂದರು. "ಹೋಗಪ್ಪ. ಉಳಿದ ಹಾಡು ನಾನು ಹೇಳ್ತೀನಿ. ಕಾಲು ಗಟ್ಟಿ ಇರೋರೆಲ್ಲ ಅವನ ಜೊತೆ ಹೋಗಿ."

*

ಕೋಣೆಯ ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಬಡಿಯಿತು. ಹೀಟರ್ ಉರಿಯುತ್ತಲೇ ಇತ್ತು. ಮಾರೆನ್ ನೀರಿಗೆ ಬೆರಳು ಅದ್ದಿ ತುಟಿ ಕಚ್ಚಿದಳು.

"ತಂಪು ಮಾಡ್ಬೇಕು, ಆದ್ರೆ ಒಮ್ಮೆಲೇ ಅಲ್ಲ."

ಹಿತ್ತಿಲ ನೆರಳಲ್ಲಿ ಏಪ್ರಿಲಿನ ಹಿಮ ಇನ್ನೂ ಮೊಣಕಾಲುದ್ದ ಬಿದ್ದಿತ್ತು. ಕರಿ ಕೋಟಿನ ಗಂಡಸರು ಸಾಲು ನಿಂತರು. ಕೆಲವರು ಸಲಿಕೆಯಲ್ಲಿ, ಕೆಲವರು ಪಾತ್ರೆಯಲ್ಲಿ, ಒಬ್ಬ ತನ್ನ ಟೋಪಿಯಲ್ಲೇ ಹಿಮ ತುಂಬಿ ಕೈಯಿಂದ ಕೈಗೆ ದಾಟಿಸಿದರು. ಗುನ್‌ವೋರ್ ಎಲ್ಲರಿಗಿಂತ ಮುಂದೆ ಬಂದು ಬೋಗುಣಿ ಹಿಮವನ್ನು ಬಕೆಟ್ಟಿಗೇ ಸುರಿಯಹೋದಳು.

"ಒಳಗಲ್ವೇ!" ಓಡ್ಮುಂಡ್ ಕೂಗಿದ. "ಸಿಹಿನೀರು ಸೇರಿದ್ರೆ ಸತ್ತೇ ಹೋಗ್ತವೆ. ಸುತ್ತಲೂ ಹಾಕು, ಹೊರಗಡೆಯಿಂದ."

ಅಂದಮೇಲೆ ತನಗೇ ಆಶ್ಚರ್ಯ. ಇದೆಲ್ಲ ಅವಳ ಮಾತು. ಊಟದ ಮೇಜಿನಲ್ಲಿ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡದ್ದು ಎಲ್ಲ ಒಳಗೇ ಉಳಿದಿತ್ತು.

ಮೀನಿನ ದೊಡ್ಡ ಪೆಟ್ಟಿಗೆಯಲ್ಲಿ ಬಕೆಟ್ಟುಗಳನ್ನಿಟ್ಟು ಸುತ್ತ ಹಿಮ ಒತ್ತಿದರು. ಮಾರೆನ್ ಟಾರ್ಚ್ ಹಿಡಿದು ಒಂದೊಂದನ್ನೇ ನೋಡಿದಳು. ದೊಡ್ಡವು ಬಹುಪಾಲು ತಳ ಸೇರಿದ್ದವು, ಮೀಸೆ ಮಡಿಸಿಕೊಂಡು. ಕೆಲವು ಮಾತ್ರ ಆಗೊಮ್ಮೆ ಈಗೊಮ್ಮೆ ಚಿಮ್ಮುತ್ತಿದ್ದವು.

"ಇವು ಉಳಿದಾವಾ?" ಓಡ್ಮುಂಡ್ ಕೇಳಿದ.

"ನಂಬೋಕಾಗಲ್ಲ," ಎಂದಳು ಮಾರೆನ್, ತಲೆಯೆತ್ತದೆ.

ಗುನ್‌ವೋರ್ ಮೂಲೆಯಲ್ಲಿ ಅಳುತ್ತಿದ್ದಳು. ಅತ್ತಿಗೆಗೆ ನಾಲ್ಕು ಜನರೆದುರು ಮರ್ಯಾದೆಯ ಊಟವಾಗಲಿ ಎಂದು ಬೆಳಗಿನಿಂದ ದುಡಿದ ಹೆಂಗಸು. ಓಡ್ಮುಂಡ್ ಒಂದು ಬಕೆಟ್ಟಿನ ಅಂಚಿಗೆ ಕೈ ಹಾಕಿದ. ಅದರೊಳಗೆ ಜರಡಿಬಟ್ಟೆಯ ತಳವಿದ್ದ ಡಬ್ಬಿ ತೂಗುತ್ತಿತ್ತು. ಆಸ್ಲೌಗ್ ಹೊಲಿದದ್ದು. ಅದನ್ನು ಮೆಲ್ಲಗೆ ಮೇಲೆತ್ತಿದ. ಕೆಳಗಿನ ನೀರು ತಿಳಿಯಾಗಿತ್ತು.

"ಟಾರ್ಚ್ ಇಲ್ಲಿ ಹಿಡಿ, ಗುನ್‌ವೋರ್."

ಅವಳು ಕಣ್ಣೊರೆಸಿಕೊಂಡು ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರಿನ ಎಲ್ಲ ಮೂಲೆಗಳಿಂದ ಹಿಟ್ಟಿನ ಹುಡಿಯಷ್ಟು ಸಣ್ಣ ಚುಕ್ಕಿಗಳು ಕುಪ್ಪಳಿಸುತ್ತ ಬೆಳಕಿನ ಕಡೆಗೆ ಬಂದವು. ನೂರಾರು. ಬರುತ್ತಲೇ ಇದ್ದವು.

"ಮರಿಗಳು!" ಮಾರೆನ್ ನಕ್ಕೇಬಿಟ್ಟಳು. "ನಾಳೆ ಒಡೀಬೇಕಾದ ಮೊಟ್ಟೆ. ಶೆಖೆಗೆ ಇವತ್ತೇ ಒಡೆದಿವೆ. ಓಡ್ಮುಂಡ್ ಅವರೇ, ಇಷ್ಟು ಸಾಕು. ವಂಶ ನಡೆಯುತ್ತೆ."

ಗುನ್‌ವೋರಳ ಕೈ ಟಾರ್ಚನ್ನು ಮೆಲ್ಲಗೆ ಆಡಿಸಿತು. ಬೆಳಕು ಅತ್ತಿತ್ತ ಹೊಯ್ದಾಡಿದಂತೆ ಮರಿಗಳೂ ಅತ್ತಿತ್ತ ಓಡಾಡಿದವು. "ಅತ್ತಿಗೆ ಇದನ್ನ ದಿನಾ ನೋಡ್ತಿದ್ಲಾ?" ಎಂದಳು. "ನನ್ನನ್ನ ಯಾಕೆ ಯಾವತ್ತೂ ಕರೀಲಿಲ್ಲ?"

"ಕರೆದಿದ್ಲು. ನೀನು ಥೂ ಹುಳ ಅಂದಿದ್ದೆ."

*

ಸಂಜೆ ಹಡಗಿನ ಸೀಟಿ ಕೇಳಿಸಿತು. ಕೇಕ್ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಮೀನಿನ ಪೆಟ್ಟಿಗೆ ಹಿಮದ ಭಾರಕ್ಕೆ ಜಗ್ಗುತ್ತಿತ್ತು, ಗಾಡಿಗೆ ಹಾಕಿದರೆ ಕುಲುಕುತ್ತದೆ ಎಂದಳು ಮಾರೆನ್. ಯಾರೂ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಹೆಗಲು ಕೊಟ್ಟ ಆರು ಜನ ಒಬ್ಬೊಬ್ಬರಾಗಿ ಎದ್ದು ಬಂದು ಪೆಟ್ಟಿಗೆಯ ಎರಡೂ ಕಡೆ ನಿಂತರು. ಓಡ್ಮುಂಡ್ ಮುಂದಿನ ಬಲಗಡೆಯ ಹಿಡಿ ಹಿಡಿದ. ಈ ಪೆಟ್ಟಿಗೆ ಭಾರವಾಗಿತ್ತು.

ಗುನ್‌ವೋರ್ ಟಾರ್ಚ್ ಹಿಡಿದು ಮುಂದೆ ಮುಂದೆ ಹೋದಳು. ಏಪ್ರಿಲಿನ ಸಂಜೆ, ಬೆಳಕು ಇನ್ನೂ ಬೇಕಾದಷ್ಟಿತ್ತು. ಆದರೂ ಅವಳು ಟಾರ್ಚ್ ಆರಿಸಲಿಲ್ಲ. "ನಿಧಾನ, ನಿಧಾನ, ಅಲುಗಿಸ್ಬೇಡಿ," ಎನ್ನುತ್ತಿದ್ದಳು. ಬಂದರಿನ ದಾರಿಯಲ್ಲಿ ಬಲೆ ಒಣಹಾಕುತ್ತಿದ್ದವರು ಬದಿಗೆ ಸರಿದು ಟೋಪಿ ತೆಗೆದರು. ಆರು ಜನ ಒಂದೇ ಹೆಜ್ಜೆಯಲ್ಲಿ ಹಡಗಿನತ್ತ ಇಳಿದರು.