ತಪ್ಪಿದ್ದರೆ ಮಾತ್ರ ಪರಿಹಾರ

ನನ್ನ ಮೇಲೆ ಕೇಸು ಹಾಕು ಎಂದು ಅಣ್ಣನ ಮನೆಗೆ ಹೋಗಿ ಕೇಳಿಕೊಂಡವಳು ಅವಳೇ. ಹಾಗಾಗಿ ಆಮೇಲೆ ಯಾರ ಹತ್ತಿರವೂ ಹೇಳಿಕೊಂಡು ಅಳಲು ಅವಳಿಗೆ ಮುಖವಿರಲಿಲ್ಲ.

ಅವಳು ತೂಕ ಇಳಿಸುವ ಆಪರೇಷನ್ ಮಾಡುವ ಡಾಕ್ಟರು. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಸಾಲಾಗಿ ಪಿನ್ನು ಹೊಡೆದು ಮುಚ್ಚುವುದು ಅವಳ ಕಸುಬು. ವಿಮಾ ಕಂಪನಿಗಳ ಕಣ್ಣಿಗೆ ಇಂಥ ಡಾಕ್ಟರುಗಳು ಪಟಾಕಿ ಅಂಗಡಿ ಇಟ್ಟವರ ಹಾಗೆ. ನಾಳೆ ರೋಗಿಗೆ ಏನಾದರೂ ಆಗಿ ಕೋರ್ಟಿಗೆ ಹೋದರೆ ಎಂದು ಇವರು ಕಟ್ಟುವ ಕಂತು ಹಲ್ಲಿನ ಡಾಕ್ಟರು ಕಟ್ಟುವುದರ ಎಷ್ಟೋ ಪಟ್ಟು. ಕಟ್ಟದಿದ್ದರೆ ಆಸ್ಪತ್ರೆಯವರು ಆಪರೇಷನ್ ಥಿಯೇಟರಿನ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕಟ್ಟಿದ್ದಳು. ಅದು ಮೊದಲ ಸಲ ಬೇಕಾಗಿ ಬಂದದ್ದು ಸ್ವಂತ ಅತ್ತಿಗೆಯ ವಿಷಯದಲ್ಲಿ.

ಅತ್ತಿಗೆ ಶಾಲೆಯಲ್ಲಿ ಸಂಗೀತದ ಟೀಚರು. ದೊಡ್ಡ ಮೈ, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಬಸ್ಸಿನಲ್ಲಿ ಪಕ್ಕದವರು ಮುಖ ಸಿಂಡರಿಸಿದರೆ, "ನಾನು ಎರಡು ಟಿಕೆಟ್ ತಗೊಂಡಿದ್ದೀನಿ, ನೀವೇ ನನ್ನ ಸೀಟಲ್ಲಿ ಕೂತಿರೋದು" ಎಂದುಬಿಡುವವಳು. ಮಂಡಿ ಸವೆದು ಮೆಟ್ಟಿಲು ಹತ್ತಲಾರದಾದಾಗ, "ನೀನೇ ಕೊಯ್ಯೇ, ಹೊರಗಿನವರ ಕೈಗ್ಯಾಕೆ ಸಿಕ್ಕೋದು?" ಎಂದು ನಾದಿನಿಗೆ ದುಂಬಾಲು ಬಿದ್ದಳು. ಆಪರೇಷನ್ ಸಲೀಸಾಗಿಯೇ ಆಯಿತು. ಎರಡು ದಿನ ಕಳೆಯುವಷ್ಟರಲ್ಲಿ ಪಿನ್ನಿನ ಸಾಲು ಒಂದು ಕಡೆ ಬಿಟ್ಟುಕೊಂಡು ಒಳಗೊಳಗೇ ಸೋರಿತು. ಎಂಥ ಕೈ ಮಾಡಿದರೂ ಎಲ್ಲೋ ಒಬ್ಬರಿಗೆ ಆಗುವಂಥದ್ದು. ಆ ಒಬ್ಬರು ಅತ್ತಿಗೆಯಾದಳು. ಮತ್ತೆ ಕೊಯ್ದರು, ಮತ್ತೆ ಹೊಲಿದರು. ಜೀವ ಉಳಿಯಿತು. ವಾರಗಟ್ಟಲೆ ಉಸಿರಾಟದ ನಳಿಗೆ ತೂರಿಸಿಟ್ಟಿದ್ದಕ್ಕೆ ಹಾಡುವ ಗಂಟಲು ಹೋಯಿತು, ಕಾಲಿನ ಕಸುವು ಹೋಯಿತು, ಊಟ ಹೊಟ್ಟೆಗೆ ತೂರಿಸಿದ ನಳಿಗೆಯಲ್ಲಿ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಣ್ಣ ಕೆಲಸ ಬಿಟ್ಟು ಹೆಂಡತಿಯ ಮಂಚದ ಪಕ್ಕ ಕೂತ. ತಂಗಿ ಕೂಡಿಟ್ಟಿದ್ದೆಲ್ಲ ಆಸ್ಪತ್ರೆಯ ಬಿಲ್ಲುಗಳಲ್ಲಿ ಕರಗಿತು.

ಆಗಲೇ ಅವಳು ಹೋಗಿ ಕೇಳಿದ್ದು.

"ನಿನ್ ಮೇಲೆ ಕೇಸಾ? ತಲೆ ನೆಟ್ಟಗಿದ್ಯೇನೇ ಕಡ್ಡಿ?" ಎಂದ ಅಣ್ಣ. ಚಿಕ್ಕಂದಿನಲ್ಲಿ ಸಣಕಲಾಗಿದ್ದವಳಿಗೆ ಅವನಿಟ್ಟ ಹೆಸರದು.

"ದುಡ್ಡು ಕೊಡೋದು ನಾನಲ್ಲಣ್ಣ, ಕಂಪನಿ. ಇಷ್ಟು ವರ್ಷ ಅವರ ಹುಂಡಿ ತುಂಬಿಸಿದ್ದು ಇದಕ್ಕೇ ತಾನೇ?"

"ನೀನು ತಪ್ಪು ಮಾಡಿದ್ಯಾ?"

"ಇಲ್ಲ."

"ಮತ್ತೆ ಕೇಸು ಯಾಕೆ?"

"ತಪ್ಪಿಲ್ಲ ಅಂದ್ರೆ ಅವರು ಕಾಸು ಬಿಚ್ಚಲ್ಲ. ತಪ್ಪಿದೆ ಅಂತ ನೀನು ಹೇಳ್ಬೇಕು."

ಅಣ್ಣ ತಲೆ ಕೆರೆದುಕೊಂಡ. ಮಂಚದಿಂದ ಅತ್ತಿಗೆ, ಉಸಿರಿಗಿಂತ ಸ್ವಲ್ಪವೇ ಗಟ್ಟಿಯಾದ ದನಿಯಲ್ಲಿ, "ಹಾಕ್ರೀ ಕೇಸು. ಮದುವೆ ಆದಾಗಿಂದ ಕಾಯ್ತಿದ್ದೀನಿ, ಈ ನಾದಿನಿ ಮೇಲೊಂದು ಕೇಸು ಹಾಕೋಕೆ" ಎಂದಳು. ಮೂವರೂ ನಕ್ಕರು. ಒಟ್ಟಿಗೆ ನಕ್ಕಿದ್ದು ಅದೇ ಕೊನೆ.

ಅಣ್ಣನ ವಕೀಲರು ಕಳಿಸಿದ ನೋಟೀಸು ಬಂತು. ನಿರ್ಲಕ್ಷ್ಯ, ಉಡಾಫೆ, ಅಹಂಕಾರ. ಅವಳು ಫೋನಿನಲ್ಲಿ ಅಣ್ಣನಿಗೆ ಓದಿ ಹೇಳಿದಳು. "ಅಹಂಕಾರ ಅನ್ನೋದು ನಾನೇ ಹೇಳಿ ಸೇರಿಸಿದ್ದು ಕಣೇ" ಎಂದು ಅವನು ಕಿಚಾಯಿಸಿದ. ಆದರೆ ವಕೀಲರು ನೋಟೀಸು ಬರೆದು ಸುಮ್ಮನಾಗಲಿಲ್ಲ. ಆ ದಿನಗಳನ್ನು ಗಂಟೆಗಂಟೆಯೂ ನೆನಪಿಸಿಕೊಳ್ಳಿ ಎಂದು ಅವನನ್ನು ಕೂರಿಸಿಕೊಂಡರು. ಅವನು ನೆನಪಿಸಿಕೊಂಡ. ಮುಂದಿನ ಸಲದ ಫೋನಿನಲ್ಲಿ ಕಡ್ಡಿ ಎಂಬ ಮಾತು ಬರಲಿಲ್ಲ.

"ಎದೆ ಡವಡವ ಅಂತಿದೆ ಅಂದಳಲ್ಲ ಇವಳು, ಆಗ ನೀನೇನಂದೆ?"

"ಭಯಕ್ಕಿರಬೇಕು ಅಂದೆ. ಸ್ಕ್ಯಾನ್ ಮಾಡ್ಸಿದ್ನಲ್ಲಣ್ಣ."

"ಸಾಯಂಕಾಲ ಮಾಡಿಸ್ದೆ. ಇವಳು ಹೇಳಿದ್ದು ಬೆಳಗ್ಗೆ."

"ಬೆಳಗ್ಗೆ ಮಾಡ್ಸಿದ್ರೂ ಏನೂ ಕಾಣಿಸ್ತಿರ್ಲಿಲ್ಲ. ಸಾಯಂಕಾಲವೇ ಕಾಣಿಸ್ಲಿಲ್ಲ ಅಂದ್ಮೇಲೆ..."

"ಹ್ಞೂಂ. ವಕೀಲರು ಹೇಳಿದ್ರು, ನೀನು ಹೀಗೇ ಹೇಳ್ತೀಯ ಅಂತ."

ಫೋನು ಇಟ್ಟುಬಿಟ್ಟ. ಅವಳು ಮಗಳ ಸಾಕ್ಸು ಹುಡುಕುತ್ತ ಮನೆಯೆಲ್ಲ ಸುತ್ತಿದಳು. ಸಾಕ್ಸು ಕೈಯಲ್ಲೇ ಇತ್ತು.

ಕಂಪನಿಯ ವಕೀಲನಿಗೆ ಅವಳು ಮನಸ್ಸಿನಲ್ಲೇ ಇಸ್ತ್ರಿ ಎಂದು ಹೆಸರಿಟ್ಟಿದ್ದಳು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಿನಲ್ಲೂ ಇಲ್ಲ. ಅವನ ಕೋಣೆಯಲ್ಲಿ ಎಸಿ ಎಷ್ಟಿತ್ತೆಂದರೆ ಟೀ ತಂದಿಟ್ಟು ತಿರುಗುವಷ್ಟರಲ್ಲಿ ಆರುತ್ತಿತ್ತು.

"ಯೋಚ್ನೆ ಬಿಡಿ ಡಾಕ್ಟ್ರೇ. ನಿಮ್ಮ ಪರವಾಗಿ ಕೊನೇವರೆಗೂ ಹೋರಾಡ್ತೀವಿ."

"ಹೋರಾಡೋದೇ ಬೇಡ. ಅವರು ಕೇಳಿದ್ದು ಕೊಟ್ಟುಬಿಡಿ."

ಇಸ್ತ್ರಿ ಪೆನ್ನು ಕೆಳಗಿಟ್ಟ. "ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಬಿದ್ರೆ ನಿಮ್ಮ ಪಾಲಿಸಿ ಇಲ್ಲಿಗೇ ಮುಗೀತು. ತಪ್ಪು ಒಪ್ಕೊಳ್ಳೋ ಹಾಗಿಲ್ಲ, ಎದುರು ಕಡೆಯವರಿಗೆ ಸಹಾಯ ಮಾಡೋ ಹಾಗಿಲ್ಲ. ಪಾಲಿಸಿ ಹೋದ್ರೆ ನಿಮ್ಮ ಅತ್ತಿಗೆಗೆ ಬಿಡಿಗಾಸೂ ಇಲ್ಲ, ನಿಮಗೆ ಥಿಯೇಟರೂ ಇಲ್ಲ. ಓದಿಲ್ವಾ?"

ಓದಿದ್ದಳು, ಎಲ್ಲರೂ ಓದುವ ಹಾಗೆ: ಸಹಿ ಎಲ್ಲಿ ಹಾಕಬೇಕು ಎಂದು ಹುಡುಕುತ್ತ.

ಇಸ್ತ್ರಿ ಮೆಲ್ಲಗೆ ಇನ್ನೊಂದು ಮಾತು ತೆಗೆದ. ಆಪರೇಷನ್ನಿನ ಮಾರನೆಯ ದಿನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಬ್ರೆಡ್ಡಿನ ಚೂರುಗಳಿದ್ದವಂತೆ. ವಾರ್ಡಿನ ನರ್ಸು ನೋಡಿದ್ದಾಳೆ. ನೀರು, ಗಂಜಿತಿಳಿ ಬಿಟ್ಟು ಬೇರೇನೂ ಕೂಡದು ಎಂಬ ಹೊತ್ತಿನಲ್ಲಿ ರೋಗಿ ಬ್ರೆಡ್ಡು ತಿಂದಿದ್ದರೆ ಪಿನ್ನು ಬಿಡದೆ ಇನ್ನೇನಾಗುತ್ತದೆ?

"ಅದು ಅತ್ತಿಗೆ ತಿಂದಿದ್ದಲ್ಲ," ಎಂದಳು ಅವಳು. "ಅಣ್ಣ ಬೆಳಗ್ಗಿಂದ ಏನೂ ತಿಂದಿರ್ಲಿಲ್ಲ. ಕ್ಯಾಂಟೀನಿಂದ ನಾನೇ ತಂದುಕೊಟ್ಟೆ."

"ನಾವೇನು ತಿಂದ್ರು ಅಂತೀವಾ? ತಿಂದಿರಬಹುದು ಅಂತೀವಿ. ಬಹುದು ಅಂದ್ರೆ ಯಾರ ಗಂಟೂ ಹೋಗಲ್ಲ." ಅವಳ ಹೇಳಿಕೆಯೆಂದು ಹಾಗೇ ಬರೆದಿಟ್ಟಿದ್ದ ಕಾಗದ ಅವಳ ಕಡೆ ಸರಿಸಿದ. "ನೋಡಿ, ಬಿಡಿಸಿ ಹೇಳ್ತೀನಿ. ಕೇಸು ನಡೀಲಿ ಅಂದ್ರೆ ವರ್ಷಗಟ್ಟಲೆ ನಡಿಯುತ್ತೆ. ಕೊನೆಗೆ ನಿಮ್ಮ ತಪ್ಪಿಲ್ಲ ಅಂತಾನೇ ಆಗುತ್ತೆ, ಅವರಿಗೆ ಸೊನ್ನೆ. ಇದಕ್ಕೆ ಸಹಿ ಹಾಕಿದ್ರೆ ಅವರ ವಕೀಲರು ಮೆತ್ತಗಾಗ್ತಾರೆ, ನಮ್ಮ ಮೇಲಿನವರು ರಾಜಿಗೆ ಒಪ್ತಾರೆ. ಕೇಳಿದ್ದರಲ್ಲಿ ಅರ್ಧ ಈ ತಿಂಗಳೇ ಕೈಗೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?"

ಅದೇ. ನಳಿಗೆಯ ಊಟಕ್ಕೆ, ಮೈ ಒರೆಸಿ ಮಗ್ಗುಲು ಬದಲಿಸುವ ಆಳಿಗೆ, ಮುಂದೆ ಇನ್ನೊಂದು ಆಪರೇಷನ್ನಿಗೆ. ಒಂದು ಬಹುದಿಗೆ ಇಷ್ಟೆಲ್ಲ ಸಿಗುತ್ತಿತ್ತು. ಅಣ್ಣನಿಗೆ ಮೊದಲೇ ಹೇಳಿಬಿಡೋಣವೆಂದರೆ ಅವನು ಫೋನು ಎತ್ತುವುದನ್ನೇ ಬಿಟ್ಟಿದ್ದ. ಆಮೇಲೆ ಕೂತು ವಿವರಿಸಿದರಾಯಿತು, ಅರ್ಥ ಮಾಡಿಕೊಳ್ಳದ ಮನುಷ್ಯನೇನಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸಹಿ ಹಾಕಿದಳು.

ರಾಜಿಯ ದಿನ ಉದ್ದನೆಯ ಮೇಜಿನ ಆ ಕಡೆ ಅಣ್ಣ, ಈ ಕಡೆ ಅವಳು. ಅವನು ಮದುವೆಮನೆಗಳಿಗೆ ಹಾಕುವ ಅಂಗಿ ತೊಟ್ಟು ಬಂದಿದ್ದ. ಕತ್ತಿನ ಹತ್ತಿರ ಸಡಿಲವಾಗಿತ್ತು. ಇಸ್ತ್ರಿ ಅವಳ ಹೇಳಿಕೆಯನ್ನು ಹವಾಮಾನ ವರದಿಯ ಹಾಗೆ ಓದಿದ. ಬ್ರೆಡ್ಡು ಎಂಬಲ್ಲಿ ಅಣ್ಣ ತಲೆಯೆತ್ತಿದ.

"ಅದನ್ನ ನಂಗೆ ನೀನೇ ತಂದುಕೊಟ್ಟಿದ್ದಲ್ವೇನೇ?"

ಅವನ ವಕೀಲರು ತೋಳು ಹಿಡಿದರು. ಇಸ್ತ್ರಿ ಅವಳ ಕಡೆ ನೋಡಲೂ ಇಲ್ಲ, ಪೆನ್ನಿನ ಮುಚ್ಚಳ ಹಾಕಿ ತೆಗೆದ, ಅಷ್ಟೇ. ಒಂದು ಹೌದು ಎಂದರೆ ಎಲ್ಲ ನೀರಿನಲ್ಲಿ ಹೋಮ. ಅವಳು ಮೇಜನ್ನು ನೋಡಿದಳು.

"ಪೂರ್ತಿ ತಿನ್ನೋವರೆಗೂ ಎದುರಿಗೇ ಕೂತಿದ್ಯಲ್ಲೇ. ಹೇಳು."

ಅವಳು ಮುಂದಿದ್ದ ಕಾಗದಗಳ ಅಂಚು ಸರಿಮಾಡಿದಳು. ಅಣ್ಣ ತನ್ನ ವಕೀಲರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಹೋಗುವಾಗ ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಗೆ ತಳ್ಳಿ ಹೋದ, ಬೇರೆಯವರ ಮನೆಯಲ್ಲಿ ಮಾಡುವ ಹಾಗೆ.

ದುಡ್ಡು ಬಂದ ಮೇಲೆ ಅವಳು ವಿವರಿಸಲೆಂದು ಹೋದಳು. ಬಾಗಿಲು ತೆರೆದ ಅಣ್ಣ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ದಾರಿ ಬಿಟ್ಟು ನಿಂತ. ಕೋಣೆಯಲ್ಲಿ ಹೊಸ ಮಂಚವಿತ್ತು, ಗುಂಡಿ ಒತ್ತಿದರೆ ಏಳುವಂಥದ್ದು. ಹೊಸದಾಗಿ ಬಂದ ನರ್ಸಮ್ಮ ನಳಿಗೆ ತೊಳೆಯುತ್ತಿದ್ದಳು. ವಾರವಾರವೂ ಈ ನಾದಿನಿಯೇ ಬಂದು ಮಾಡುತ್ತಿದ್ದ ಕೆಲಸ ಅದು.

"ಅತ್ತಿಗೆ, ಅದು ದುಡ್ಡಿಗೋಸ್ಕರ..."

"ಗೊತ್ತು ಕಣೇ. ನಿಮ್ಮಣ್ಣ ಹೇಳಿದ್ರು." ಅತ್ತಿಗೆ ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. "ನಮ್ಮಮ್ಮ ಹೇಳ್ತಿದ್ದಳು, ತಿನ್ನೋದ್ರಲ್ಲಿ ಇವಳಿಗೆ ಬಾಯಿ ಹಿಡಿತ ಇಲ್ಲ ಅಂತ. ಸ್ಕೂಲಲ್ಲಿ ಹೇಳೋರು. ಬಸ್ಸಲ್ಲಿ ಗುರುತಿಲ್ಲದವರೂ ಮುಖದಲ್ಲೇ ಹೇಳೋರು. ನಾನು ನಕ್ಕು ಹಾರಿಸ್ತಿದ್ದೆ. ಅವತ್ತು ಇವರು ತಿಂತಿದ್ರಲ್ಲ, ಆ ಬ್ರೆಡ್ಡಿನ ವಾಸನೆಗೆ ಕರುಳು ಕಿತ್ತು ಬಂದ ಹಾಗಾಯ್ತು. ಒಂದು ಚೂರು ಕೊಡ್ರೀ ಅಂದಿದ್ರೆ ಕೊಟ್ಟುಬಿಡೋರು, ಪಾಪ, ಅವರಿಗೇನು ಗೊತ್ತಾಗುತ್ತೆ. ಕೇಳಲಿಲ್ಲ. ಜೀವಮಾನದಲ್ಲಿ ಅದೊಂದು ಸಲ ಗೆದ್ದಿದ್ದೆ ಕಣೇ ನಾನು. ಅದನ್ನೂ ಮಾರಿಬಿಟ್ಯಲ್ಲೇ."

ಅವಳು ಅತ್ತಿಗೆಯ ಕೈ ಹಿಡಿಯಲು ಹೋದಳು. ನರ್ಸಮ್ಮ ನಡುವೆ ಬಂದಳು.

"ಜಾಸ್ತಿ ಮಾತಾಡಿಸ್ಬೇಡಿ, ಸುಸ್ತಾಗ್ತಾರೆ. ನೀವು ಇವರಿಗೆ ಏನಾಗ್ಬೇಕು?"

ಅವಳು ಬಾಯಿ ತೆರೆಯುವ ಮೊದಲೇ ಬಾಗಿಲ ಹತ್ತಿರದಿಂದ ಅಣ್ಣ ಹೇಳಿದ.

"ಡಾಕ್ಟ್ರು. ಆಪರೇಷನ್ ಮಾಡಿದೋರು."