ಎಂಟನೆಯವನ ಗಾಳ

ಎಂಟು ಜನ ಇರಲೇಬೇಕು, ಒಬ್ಬ ಕಡಿಮೆಯಾದರೂ ಪ್ರವಾಸ ರದ್ದು. ಥಾಯ್ಲೆಂಡಿನ ದೊಡ್ಡ ಕೆರೆಯೊಂದರ ದಡದಲ್ಲಿ ಐದು ದಿನ ಇಟ್ಟುಕೊಂಡು ಗಾಳ ಹಾಕಿಸುವ ಕಂಪನಿಯವರ ನಿಯಮ ಇದು. ಆ ಎಂಟನೆಯವನು ನಾನು, ಹೊಸನಗರ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಉಮೇಶ. ಗೆಳೆಯ ಸಚಿನ್ ಕೇಳಿದ ದಿನ ಖುಷಿಯಲ್ಲೇ ಹೂಂ ಎಂದಿದ್ದೆ. ಹದಿನೈದು ದಿನ ಕಳೆದಿರಲಿಲ್ಲ, ಹೆಂಡತಿ ಕವನಾ ಬಚ್ಚಲಿನಿಂದ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತು, "ರೀ, ಎರಡು ಗೆರೆ ಬಂತು" ಎಂದಳು.

ನಮ್ಮ ಕಡೆ ಹೆಂಡತಿ ಬಸುರಿಯಾದರೆ ಗಂಡ ಜೀವ ತೆಗೆಯುವ ಹಾಗಿಲ್ಲ. ಮನೆಯೊಳಗೆ ಹಾವು ಬಂದರೂ ಪಕ್ಕದವರನ್ನು ಕೂಗಬೇಕು, ಹಬ್ಬಕ್ಕೆ ಕೋಳಿ ಕೊಯ್ಯಲು ತಮ್ಮನನ್ನು ಕರೆಸಬೇಕು. ಗಾಳ, ಬಲೆ, ಕೋವಿ ಮುಟ್ಟುವ ಮಾತೇ ಇಲ್ಲ. ತಾಮ್ರದ ತಂತಿ ಸುತ್ತಿ ಬದುಕುವ ನಾನು ಇಂಥದ್ದಕ್ಕೆಲ್ಲ ನಗುತ್ತಿದ್ದವನು. ಮೂರು ವರ್ಷದ ಹಿಂದೆ ಕವನಾಗೆ ಮೂರು ತಿಂಗಳಿದ್ದಾಗ, ಜೂನ್ ತಿಂಗಳ ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹೋದೆ. ಹೊಸ ನೀರು ಬಂದಾಗ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನು ಅವು, ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಕತ್ತಿಯಲ್ಲಿ ಕಡಿದು ಅರ್ಧ ಚೀಲ ತಂದೆ. ಐದನೇ ದಿನ ಅವಳಿಗೆ ರಕ್ತ ಹೋಗಲು ಶುರುವಾಯಿತು. ಸಚಿನ್ ತನ್ನ ಹಾರ್ಡ್‌ವೇರ್ ಅಂಗಡಿಯ ಬಾಗಿಲು ಎಳೆದು, ಪಿಕಪ್ಪಿನಲ್ಲಿ ನಮ್ಮನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಆಸ್ಪತ್ರೆಯ ಬೆಂಚಿನ ಮೇಲೆ ಸಂಜೆಯವರೆಗೂ ನನ್ನ ಪಕ್ಕ ಕೂತಿದ್ದ. ಮಗು ಉಳಿಯಲಿಲ್ಲ.

ಮೀನು ಕಡಿದಿದ್ದಕ್ಕೂ ಇದಕ್ಕೂ ಸಂಬಂಧ ಉಂಟಾ ಎಂದು ಡಾಕ್ಟರನ್ನು ಕೇಳುವ ಧೈರ್ಯ ಆಗಲಿಲ್ಲ. ಕೇಳಿದ್ದರೆ ಬೈಯುತ್ತಿದ್ದರು, ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತೇನೋ. ಕವನಾ ಅಂತೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು, ಸುಮ್ಮನಿರುವವಳ ಹತ್ತಿರ ಯಾರು ಜಗಳ ಮಾಡುತ್ತಾರೆ?

ಈ ಸಲ ಅವಳದು ಒಂದೇ ಹಟ. "ಐದು ತಿಂಗ್ಳು ತುಂಬೋ ತನಕ ಯಾರಿಗೂ ಹೇಳ್ಬೇಡಿ. ನಿಮ್ಮಮ್ಮಂಗೂ ಬೇಡ, ಸಚಿನಣ್ಣಂಗೂ ಬೇಡ. ಹೋದ್ಸಲ ಊರಿಗೆಲ್ಲ ಹೇಳ್ಕಂಡು ಎಂತಾಯ್ತು ನೋಡಿದ್ರಲ್ಲ." ದೇವರ ಫೋಟೋದ ಮುಂದೆ ಆಣೆ ಮಾಡಿಸಿಕೊಂಡಳು. ಪ್ರವಾಸವೋ, ಅವಳಿಗೆ ನಾಲ್ಕು ತುಂಬುವ ಹೊತ್ತಿಗೇ ಬಂದು ಕೂತಿತ್ತು. ಗಾಳ ಹಾಕುವ ಹಾಗಿಲ್ಲ, ಬರುವುದಿಲ್ಲ ಎನ್ನುವ ಹಾಗಿಲ್ಲ, ಯಾಕೆ ಎಂದು ಹೇಳುವ ಹಾಗೂ ಇಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ನಾನು ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದೆ, ಬಿಸಿಲ ಟೋಪಿ ಕೊಂಡೆ, ಜಾಕೀಟು ಕೊಂಡೆ. ಮನೆಯಲ್ಲಿ ಕವನಾ ಕೊಟ್ಟಿದ್ದು ತಿಂದುಕೊಂಡು ತಣ್ಣಗಿದ್ದಳು. ಈ ಸಲ ಅವಳಿಗೆ ಬಯಕೆ ಅನ್ನುವುದೇ ಇರಲಿಲ್ಲ. ಹುಣಸೆಹಣ್ಣು ಬೇಕೆನ್ನಲಿಲ್ಲ, ಮಾವಿನಮಿಡಿ ಬೇಕೆನ್ನಲಿಲ್ಲ.

ಒಂದು ಭಾನುವಾರ ಸಚಿನ್ ಅಂಗಡಿಯಲ್ಲಿ ಎಲ್ಲರೂ ಕೂತು ಥಾಯ್ಲೆಂಡಿನ ಗೈಡ್ ಜೊತೆ ವಿಡಿಯೋ ಕಾಲ್ ಮಾಡಿದೆವು. ಕೊಚ್ಚಿ ಕಡೆಯವನು, ಬೆಂಗಳೂರಿನಲ್ಲಿ ಕಲಿತ ಕನ್ನಡ. ಹಿಡಿದ ಮೀನನ್ನು ಅರ್ಧ ನಿಮಿಷದೊಳಗೆ ವಾಪಸ್ ನೀರಿಗೆ ಬಿಡಬೇಕು, ಹಾಗೆ ಹಿಡಿದು ಬಿಡುವ ವಿಡಿಯೋವನ್ನು ಪ್ರತಿಯೊಬ್ಬರೂ ಮೊದಲೇ ಕಳಿಸಬೇಕು, ಅದನ್ನು ನೋಡಿಯೇ ಒಪ್ಪಿಗೆ ಎಂದ. ನಮ್ಮಲ್ಲಿ ಹಿರಿಯರಾದ ಹೂವಪ್ಪಮಾವ ಮುಂದೆ ಬಗ್ಗಿ, "ಬಿಡೋದಾದ್ರೆ ಹಿಡಿಯೋದ್ಯಾಕಪ್ಪ?" ಎಂದು ಕೇಳಿದರು. ಆಮೇಲೆ, ಊರವರೆಲ್ಲ ಕೆರೆಗಿಳಿದು ಮೀನು ಹಿಡಿಯುವ ಕೆರೆಬೇಟೆಗೆ ಒಯ್ಯುವ, ಬಿದಿರಿನ ಬುಟ್ಟಿಯಂಥ ಕೂಣಿಯನ್ನು ವಿಮಾನದಲ್ಲಿ ತರಬಹುದೋ ಎಂದೂ ವಿಚಾರಿಸಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಬಿಡಬೇಕು ಎಂಬ ಮಾತು ಕೇಳಿ ಜೀವ ಬಂದಂತಾಗಿತ್ತು. ಬಿಟ್ಟರೆ ಕೊಂದ ಹಾಗಲ್ಲವಲ್ಲ! ಅಷ್ಟರಲ್ಲಿ ಗೈಡ್ ಪುಣ್ಯಾತ್ಮ, "ಸರಿಯಾಗಿ ಬಿಡದಿದ್ರೆ ಆಮೇಲೆ ಸತ್ತೇ ಹೋಗುತ್ತೆ" ಎಂದು ಬಾಯಿ ಹರಿದ ಮೀನಿನ ಚಿತ್ರ ತೋರಿಸಿದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಅಭ್ಯಾಸಕ್ಕೆಂದು ಬ್ಯಾಕೋಡಿನ ಹಿನ್ನೀರಿಗೆ ಹೋಗತೊಡಗಿದೆವು. ತಂತಿ ಸುತ್ತಿ ಪಳಗಿದ ಬೆರಳು ಎಂದು ಎಲ್ಲರ ದಾರಕ್ಕೂ ಕೊಕ್ಕೆ ಕಟ್ಟುವ ಕೆಲಸ ನನ್ನದೇ. ಏಳು ಜನಕ್ಕೆ ಗಟ್ಟಿಯಾಗಿ ಕಟ್ಟಿಕೊಟ್ಟೆ. ಆ ಪಾಪ ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ಯೋಚಿಸಲು ಹೋಗಲಿಲ್ಲ. ನನ್ನ ದಾರಕ್ಕೆ ಬರೀ ಸೀಸದ ಗುಂಡು ಕಟ್ಟಿ, ಮೇಲೆ ಮೈದಾ ಉಂಡೆ ಮೆತ್ತಿ ನೀರಿಗೆ ಎಸೆದು ಕೂತೆ. ಎರಡು ಭಾನುವಾರ ಕಳೆದವು. ಏಳು ಜನರ ವಿಡಿಯೋ ಹೋಯಿತು, ನನ್ನದು ಇಲ್ಲ.

"ಉಮೇಶ ಮೀನಿಗೆ ಊಟ ಬಡಿಸ್ತಿದಾನೆ, ಮಠದ ಅನ್ನದಾನ ಇದ್ದಂಗೆ" ಎಂದರು ಹೂವಪ್ಪಮಾವ. ನಾನು ಹಲ್ಲು ಕಿರಿದೆ. ಒಳಗೊಳಗೇ ಎಲ್ಲರ ಮೇಲೂ ಸಿಟ್ಟು, ಆ ಹಿನ್ನೀರಿನ ಮೇಲೂ ಸಿಟ್ಟು.

ಮೂರನೇ ಭಾನುವಾರ ಸಚಿನ್‌ಗೆ ತಡೆಯಲಾಗಲಿಲ್ಲ. "ತಾ ಇಲ್ಲಿ, ನಾನೇ ಒಂದು ಹಿಡಿದು ನಿನ್ನ ಕೈಗೆ ಕೊಡ್ತೀನಿ" ಎಂದು ರಾಡು ಕಸಿದುಕೊಂಡು ರೀಲು ಸುತ್ತಿದ. ನೀರಿನಿಂದ ಬರೀ ಸೀಸದ ಗುಂಡು ಎದ್ದು ಬಂತು. ಉಂಡೆ ಕರಗಿ ಹೋಗಿತ್ತು. ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಬೈಗುಳಕ್ಕೆ ನಾನು ಸಿದ್ಧನಾಗಿ ನಿಂತಿದ್ದೆ.

"ಎಷ್ಟನೇ ತಿಂಗ್ಳಾ?" ಎಂದ ಮೆಲ್ಲಗೆ.

ನಾನು ಬಗ್ಗಿ ಮೈದಾ ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕಿದೆ.

"ಆಯ್ತು ಬಿಡು. ನೀ ಹೇಳಿಲ್ಲ, ನಾ ಕೇಳಿಲ್ಲ. ಅವ್ರಿಗೆ ಬೇಕಾಗಿದ್ದು ಎಂಟು ತಲೆ ಮಾರಾಯಾ, ಎಂಟು ಕೊಕ್ಕೆ ಅಲ್ಲ. ಅಲ್ಲೂ ಹಿಂಗೇ ಉಂಡೆ ಹಾಕ್ತಾ ಕೂರು." ನನ್ನ ಟೋಪಿ, ಜಾಕೀಟು ಬಿಚ್ಚಿಸಿ ತಾನು ತೊಟ್ಟ. ತನ್ನ ಗಾಳದಲ್ಲಿ ಒಂದು ಕಾಟ್ಲಾ ಮೀನು ಹಿಡಿದು ಬಿಟ್ಟ. ಬೆನ್ನ ಹಿಂದಿನಿಂದ ವಿಡಿಯೋ ತೆಗೆಯಲು ನನಗೇ ಹೇಳಿದ. ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ? ನನಗೆ ಅಳು ಬಂತು. ಆದರೆ ಮನೆಯ ದಾರಿ ಹಿಡಿದ ಮೇಲೆ ದೇವರ ಫೋಟೋ ನೆನಪಾಯಿತು. ಆಣೆ ಮುರಿದಿತ್ತು.

ಸಂಜೆ ಮನೆಗೆ ಬಂದಾಗ ಕವನಾ ನನ್ನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ನಾನು ಬಿಚ್ಚಿಕೊಟ್ಟ ಜಾಕೀಟನ್ನೂ ಮಡಿಸಿ ಒಳಗಿಟ್ಟಳು.

"ಸಚಿನ್‌ಗೆ ಗೊತ್ತಾಯ್ತು. ನಾ ಬಾಯಿ ಬಿಟ್ಟಿಲ್ಲ ಕವನಾ."

"ಮತ್ತೆ ಹೆಂಗೆ ಗೊತ್ತಾಯ್ತು?"

"ನನ್ನ ಗಾಳಕ್ಕೆ ಕೊಕ್ಕೆ ಕಟ್ಟಿರ್ಲಿಲ್ಲ. ಮೂರು ವಾರದಿಂದ್ಲೂ ಕಟ್ಟಿಲ್ಲ."

ಅವಳು ಮಂಚದ ಮೇಲೆ ಕೂತಳು. ಶುರುವಾದ ಮಾತನ್ನು ನಾನು ನಿಲ್ಲಿಸಲಿಲ್ಲ. "ಅವತ್ತು ನಾ ಹತ್ತುಮೀನಿಗೆ ಹೋಗ್ಬಾರ್ದಿತ್ತು. ನೀ ಒಂದು ದಿನಾನೂ ನನ್ನ ಬೈಲಿಲ್ಲ."

"ನಾ ಹೆಂಗ್ರೀ ಬೈಲಿ?" ಎಂದಳು. "ಮಳೆ ಹಿಡೀತು, ಮೀನು ಹತ್ತಿರ್ತಾವೆ, ತಿನ್ಬೇಕು ಅನ್ಸ್ತಿದೆ ಅಂದಿದ್ದು ನಾನಲ್ವಾ? ನೀವು ಅದ್ಕೇ ನನ್ನ ಮೇಲೆ ಸಿಟ್ಟು ಇಟ್ಕಂಡು ಸುಮ್ನಿದೀರಿ ಅನ್ಕಂಡಿದ್ದೆ."

ಅವಳು ಕೇಳಿದ್ದು ನನಗೆ ನೆನಪಿತ್ತು. ಆ ಮಾತು ಎತ್ತಿದರೆ ತಪ್ಪನ್ನು ಅವಳ ತಲೆಗೆ ಕಟ್ಟಿದಂತಾಗುತ್ತದೆ ಎಂದು ಮೂರು ವರ್ಷ ನುಂಗಿಕೊಂಡಿದ್ದೆ. ಒಂದೇ ಮಂಚದಲ್ಲಿ ಮಲಗಿ ಇಬ್ಬರೂ ಬೇರೆ ಬೇರೆಯಾಗಿ ಬೆಂದಿದ್ದೆವು.

"ಅದ್ಕೇನಾ ಈ ಸಲ ಎಂತದೂ ಕೇಳ್ತಿಲ್ಲ?"

"ಕೇಳಕ್ಕೆ ಹೆದ್ರಿಕೆ" ಎಂದಳು, ಕಣ್ಣೊರೆಸಿಕೊಂಡು.

"ಈಗ ಕೇಳು. ಎಂತ ಬೇಕಾದ್ರೂ ಕೇಳು." ಮಾವಿನಮಿಡಿ ಎಂದರೆ ಆ ಕ್ಷಣವೇ ಓಡುವವನಿದ್ದೆ.

ಅವಳು ಚೀಲದ ಮೇಲೆ ಕೈ ಇಟ್ಟಳು. "ನೀವು ಹೋಗ್ಬೇಡಿ" ಎಂದಳು.

ಬಸುರಿಯ ಬಯಕೆಗೆ ಇಲ್ಲ ಎನ್ನುವ ಹಾಗಿಲ್ಲ. ಅದೂ ನಮ್ಮ ಕಡೆಯದೇ ನಿಯಮ. ಫೋನ್ ಕೈಗೆತ್ತಿಕೊಂಡೆ. ಪ್ರವಾಸದವರ ಗುಂಪಿನಲ್ಲಿ ನನ್ನ ಹೆಸರಿನ ವಿಡಿಯೋ ಹೋಗಿತ್ತು, ಸಚಿನ್‌ನ ಬೆನ್ನು, ನನ್ನ ಟೋಪಿ. ಕೆಳಗೆ ಗೈಡ್‌ನ ಉತ್ತರವೂ ಬಂದಿತ್ತು: ಎಂಟೂ ಜನ ರೆಡಿ.

ಒಂದೇ ರಿಂಗಿಗೆ ಸಚಿನ್ ಎತ್ತಿದ. "ಹೇಳಾ."

ಕವನಾ ನನ್ನನ್ನೇ ನೋಡುತ್ತಿದ್ದಳು.

"ನಾಲ್ಕನೇ ತಿಂಗ್ಳು ಕಣಾ. ಹೋಗ್ಬೇಡಿ ಅನ್ನೋದೇ ಅವ್ಳ ಬಯಕೆ" ಎಂದೆ.

ಬೇರೇನೂ ಹೇಳಬೇಕಾಗಿರಲಿಲ್ಲ, ಎಂಟು ಏಳಾಗಿದ್ದು ಅವನಿಗೆ ತಿಳಿದಿತ್ತು. ಕವನಾ ಚೀಲದಿಂದ ಜಾಕೀಟು ತೆಗೆದು ಗೋಡೆಯ ಮೊಳೆಗೆ ಹಾಕಿದಳು.